ಬಿಡದ ಕಫ, ಕಟ್ಟುವ ಉಸಿರು

ದೀರ್ಘಕಾಲದ ಬ್ರಾಂಕೈಟಿಸ್ ಇದೆಯೇ ಎಂದು ತಿಳಿಯಲು ವೈದ್ಯರಿಗೆ ಮೊದಲು ಬೇಕಾಗುವುದು ಎರಡು ಪ್ರಶ್ನೆ. ವರ್ಷದಲ್ಲಿ ಮೂರು ತಿಂಗಳಾದರೂ, ಹೆಚ್ಚಿನ ದಿನಗಳಲ್ಲಿ ಕಫದ ಕೆಮ್ಮು ಇರುತ್ತದೆಯೇ? ಸತತ ಎರಡು ವರ್ಷ ಹೀಗಾಗಿದೆಯೇ? ಎರಡಕ್ಕೂ ಹೌದು ಎಂದಾದರೆ, ಆ ಕೆಮ್ಮಿಗೆ ಬೇರೆ ಕಾರಣವೂ ಸಿಗದಿದ್ದರೆ, ಕಾಯಿಲೆ ಇದೇ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1965ರಲ್ಲಿ ಒಪ್ಪಿಕೊಂಡ ಈ ಲೆಕ್ಕವೇ ಇವತ್ತಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ಪ್ರಶ್ನೆ ಸುಲಭ, ಉತ್ತರ ಸುಲಭಕ್ಕೆ ಸಿಗುವುದಿಲ್ಲ. "ಕೆಮ್ಮು ಇದೆಯಾ?" ಎಂದರೆ ಎಷ್ಟೋ ಜನ "ಇಲ್ಲ" ಎನ್ನುತ್ತಾರೆ. "ಬೆಳಿಗ್ಗೆ ಎದ್ದಾಗ ಕಫ ಬರುತ್ತಾ?" ಎಂದು ಬಿಡಿಸಿ ಕೇಳಿದರೆ, "ಅದು ಬರುತ್ತೆ ಸಾರ್, ಹಲ್ಲುಜ್ಜುವಾಗ ಕ್ಯಾಕರಿಸಿ ಉಗಿದರೆ ಹೋಗುತ್ತೆ. ಎಷ್ಟೋ ವರ್ಷದಿಂದ ಇದ್ದದ್ದೇ ಅಲ್ವಾ" ಎಂಬ ಮಾತು ಬರುತ್ತದೆ. ಇದ್ದದ್ದೇ ಎಂದು ತಳ್ಳಿಹಾಕಿದ ಆ ಕಫವೇ ಈ ಕಾಯಿಲೆಯ ಮೊದಲ ಗುರುತು. ನಾಲ್ಕು ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುವುದು ಅದಾಗಿ ಹತ್ತಾರು ವರ್ಷಗಳ ನಂತರದ ಮಾತು. ಜನ ದಮ್ಮಿಗೆ ಹೆದರಿ ಆಸ್ಪತ್ರೆಗೆ ಬರುತ್ತಾರೆ, ಕಫಕ್ಕೆ ಬರುವುದಿಲ್ಲ. ಕಾಯಿಲೆಗೆ ಕಡಿವಾಣ ಹಾಕಲು ಸುಲಭವಾಗಿದ್ದ ಕಾಲ ಹೀಗೆ ಕಳೆದುಹೋಗುತ್ತದೆ.

ನಮ್ಮ ದೇಶದಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದವರು ಯಾರೇ ಆಗಲಿ, ಕಫ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಹಣ ಕೊಡಬೇಕಿಲ್ಲ. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಸಂಜೆ ಹೊತ್ತು ಜ್ವರ ಬರುತ್ತಿದ್ದರೆ "ಬೀಡಿ ಕೆಮ್ಮು" ಎಂದು ಸುಮ್ಮನಿರುವಂತೆಯೇ ಇಲ್ಲ. ಅಲ್ಲಿ ಕ್ಷಯವೋ ಕ್ಯಾನ್ಸರೋ ಇರಬಹುದು. ಇವೆಲ್ಲ ಇಲ್ಲವೆಂದಾದ ಮೇಲೆ ಉಳಿಯುವ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ನಾವು ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದರ ಜೊತೆ ಧೂಳು, ಮಸಿ, ಪರಾಗ, ರೋಗಾಣು ಎಲ್ಲವೂ ಒಳಗೆ ಬರುತ್ತವೆ. ಗಂಟಲಿನಿಂದ ಇಳಿಯುವ ಶ್ವಾಸನಾಳ ಎದೆಯೊಳಗೆ ಎರಡಾಗಿ, ಎರಡು ನಾಲ್ಕಾಗಿ ಸುಮಾರು ಇಪ್ಪತ್ತಮೂರು ಸಲ ಕವಲೊಡೆಯುತ್ತದೆ. ಕೊನೆಯ ಕವಲುಗಳ ತುದಿಯಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ರಕ್ತಕ್ಕೆ ಆಮ್ಲಜನಕ ಸೇರುವುದೂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದೂ ಅಲ್ಲೇ. ಅಷ್ಟು ನಾಜೂಕಾದ ಜಾಗಕ್ಕೆ ಕಸ ತಲುಪದಂತೆ ಕಾಯುವ ಕೆಲಸ ದಾರಿಯುದ್ದದ ನಳಿಕೆಗಳದ್ದು.

ಕಾಯಲು ನಳಿಕೆಗಳಿಗಿರುವ ಸಾಧನ ಲೋಳೆ. ಕಫ ಎಂದರೆ ಅಸಹ್ಯಪಡುವ ನಮಗೆ ಇದನ್ನು ಒಪ್ಪುವುದು ಕಷ್ಟವಾದರೂ, ಶ್ವಾಸನಾಳದ ಒಳಗೋಡೆಗೆ ಲೋಳೆಯ ತೆಳು ಪದರ ಇರಲೇಬೇಕು. ಗೋಡೆಯ ಮೇಲ್ಪದರದಲ್ಲಿರುವ ಗಾಬ್ಲೆಟ್ ಕೋಶಗಳೂ ಅದರಡಿಯ ಗ್ರಂಥಿಗಳೂ ಇದನ್ನು ಸ್ರವಿಸುತ್ತವೆ. ಒಳಬಂದ ಧೂಳಿನ ಕಣ ಅದಕ್ಕೆ ಅಂಟಿಕೊಳ್ಳುತ್ತದೆ. ಲೋಳೆಯ ಕೆಳಗೆ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ, ಒಂದೊಂದು ಕೋಶದ ಮೇಲೆ ಸುಮಾರು ಇನ್ನೂರು. ಗಾಳಿಗೆ ಬತ್ತದ ಪೈರು ಅಲೆಯಲೆಯಾಗಿ ಬಾಗುವ ಹಾಗೆ ಇವೆಲ್ಲ ಒಂದೇ ದಿಕ್ಕಿಗೆ, ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿಯುತ್ತವೆ. ಮೇಲಿರುವ ಲೋಳೆ ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಗಂಟಲಿನ ಕಡೆಗೆ ಸರಿಯುತ್ತದೆ. ಗಂಟಲಿಗೆ ಬಂದದ್ದನ್ನು ನಾವು ಅರಿವಿಲ್ಲದೆಯೇ ನುಂಗುತ್ತೇವೆ, ಹೊಟ್ಟೆಯ ಆಮ್ಲ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಈ ಕೆಲಸ ಹಗಲೂ ರಾತ್ರಿ ಸದ್ದಿಲ್ಲದೆ ನಡೆಯುತ್ತದೆ. ಅವರಿಗೆ ಕೆಮ್ಮು ಬರುವುದು ಅನ್ನದ ಅಗುಳು ನೆತ್ತಿಗೇರಿದಾಗಲೋ ಒಗ್ಗರಣೆಯ ಘಾಟು ತಾಗಿದಾಗಲೋ ಮಾತ್ರ.

ಈ ನಳಿಕೆಗಳಿಗೆ ದಿನವೂ ಹೊಗೆ ತಾಗಿದರೆ ಮೊದಲು ಸೊರಗುವುದು ಸಿಲಿಯಾ. ಅವುಗಳ ಬಡಿತ ಕುಗ್ಗುತ್ತದೆ, ಗಿಡ್ಡವಾಗುತ್ತವೆ, ಕೆಲವೆಡೆ ಸಿಲಿಯಾ ಇರುವ ಕೋಶಗಳೇ ಸತ್ತು ಆ ಜಾಗಕ್ಕೆ ಚಪ್ಪಟೆ ಕೋಶಗಳು ಬಂದು ಕೂರುತ್ತವೆ. ಅದೇ ಹೊತ್ತಿಗೆ ಗಾಬ್ಲೆಟ್ ಕೋಶಗಳ ಸಂಖ್ಯೆ ಏರುತ್ತದೆ, ಅಡಿಯ ಗ್ರಂಥಿಗಳು ಊದುತ್ತವೆ. ಲಂಡನ್ನಿನ ರೋಗಶಾಸ್ತ್ರಜ್ಞೆ ಲಿನ್ ರೀಡ್ 1960ರಲ್ಲಿ ಇದನ್ನು ಅಳತೆಗೆ ತಂದರು. ಶ್ವಾಸನಾಳದ ಗೋಡೆಯ ದಪ್ಪದಲ್ಲಿ ಗ್ರಂಥಿಯ ಪಾಲು ಸಾಮಾನ್ಯವಾಗಿ 0.4ಕ್ಕಿಂತ ಕಡಿಮೆ ಇರುತ್ತದೆ. ಈ ರೋಗಿಗಳಲ್ಲಿ ಅರ್ಧವನ್ನೂ ದಾಟುತ್ತದೆ. ರೋಗಶಾಸ್ತ್ರದ ಪುಸ್ತಕಗಳಲ್ಲಿ ಇವತ್ತಿಗೂ ಅದು ರೀಡ್ ಸೂಚ್ಯಂಕ. ಹೊಗೆಯಿಂದ ತನ್ನನ್ನು ಕಾಪಾಡಿಕೊಳ್ಳಲು ನಳಿಕೆ ಹೆಚ್ಚು ಲೋಳೆ ಮಾಡುತ್ತದೆ, ಆದರೆ ಅದನ್ನು ಮೇಲಕ್ಕೆ ತಳ್ಳುವವರು ಉಳಿದಿರುವುದಿಲ್ಲ. ಲೋಳೆ ನೀರಿನಂಶ ಕಳೆದುಕೊಂಡು ಗಟ್ಟಿಯಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಅದನ್ನು ಹೊರಹಾಕಲು ಉಳಿಯುವ ದಾರಿ ಕೆಮ್ಮು ಒಂದೇ. ರಾತ್ರಿಯಿಡೀ ನಿಂತ ಕಫ ಬೆಳಿಗ್ಗೆ ಎದ್ದು ಓಡಾಡಿದೊಡನೆ ಕೆಮ್ಮು ತರಿಸುವುದು ಹೀಗೆ.

ಇದಿಷ್ಟೂ ಆಗಲು ಹೊಗೆ ಯಾವುದಾದರೇನು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಈ ಕಾಯಿಲೆಯ ಮೊದಮೊದಲ ಅಧ್ಯಯನಗಳೆಲ್ಲ ಬ್ರಿಟನ್ನಿನಲ್ಲಿ ನಡೆದವು. ಮನೆಮನೆಯಲ್ಲೂ ಕಲ್ಲಿದ್ದಲು ಉರಿಸುತ್ತಿದ್ದ, ಗಂಡಸರು ಸಿಗರೇಟು ಸೇದುತ್ತಿದ್ದ ನಾಡದು. 1952ರ ಡಿಸೆಂಬರ್ 5ರಿಂದ ಐದು ದಿನ ಲಂಡನ್ನಿನ ಮೇಲೆ ಹೊಗೆಮಂಜು ಕವಿದು ನಿಂತಾಗ ಸತ್ತವರ ಸಂಖ್ಯೆ ನಾಲ್ಕು ಸಾವಿರ ಎಂದು ಆಗಲೇ ಅಂದಾಜು ಮಾಡಿದ್ದರು; ಆಮೇಲಿನ ಲೆಕ್ಕಗಳು ಅದಕ್ಕಿಂತ ಬಹಳ ಹೆಚ್ಚು ಹೇಳಿದವು. ಅವರಲ್ಲಿ ಮೊದಲೇ ಬ್ರಾಂಕೈಟಿಸ್ ಇದ್ದವರು ಅನೇಕರು. 1956ರಲ್ಲಿ ಅಲ್ಲಿ ಶುದ್ಧ ಗಾಳಿ ಕಾನೂನು ಬಂದದ್ದು ಇದರ ನಂತರ. ಆ ಅಧ್ಯಯನಗಳ ಪ್ರಭಾವದಿಂದಲೋ ಏನೋ, ನಮ್ಮಲ್ಲೂ ಈ ಕಾಯಿಲೆ ಎಂದರೆ ಬೀಡಿ, ಸಿಗರೇಟು ಸೇದುವ ಗಂಡಸಿನದು ಎಂಬ ಭಾವನೆ ಬೇರೂರಿದೆ. ಅಡುಗೆಮನೆಯಲ್ಲಿ ಕೂತು ಕೆಮ್ಮುವ ಹೆಂಗಸು ಆ ಚಿತ್ರದಲ್ಲಿ ಇಲ್ಲವೇ ಇಲ್ಲ.

ಆಕೆಯ ಲೆಕ್ಕವನ್ನು ಮೈಸೂರಿನ ಸಂಶೋಧಕರು ಮಾಡಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತಾರೋ ಅದನ್ನು ಎಷ್ಟು ವರ್ಷದಿಂದ ಅಡುಗೆ ಮಾಡುತ್ತಿದ್ದಾರೋ ಅದರಿಂದ ಗುಣಿಸಬೇಕು. ಬರುವ ಸಂಖ್ಯೆ ಹೊಗೆಯ ಸೂಚ್ಯಂಕ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಖ್ಯೆ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಸ್ಪಷ್ಟವಾಗಿ ಏರುವುದು ಕಂಡುಬಂತು. ಅರವತ್ತು ಎಂದರೆ ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದು ಬೆಳಗಿನ ರೊಟ್ಟಿ, ರಾತ್ರಿಯ ಮುದ್ದೆ ಎಂದು ಒಲೆ ಮುಂದೆ ಕೂತ ಸೊಸೆ ಮೂವತ್ತೆಂಟಕ್ಕೇ ಆ ಗಡಿ ದಾಟಿರುತ್ತಾಳೆ. ಒಂದೂ ಬೀಡಿ ಮುಟ್ಟದೆ!

ಒಲೆಗೆ ಏನು ಹಾಕುತ್ತಾರೆ ಎಂಬುದೂ ಮುಖ್ಯ. ಒಣಗಿದ ಗಟ್ಟಿ ಸೌದೆಗಿಂತ ಹಸಿ ಸೌದೆ, ಬೆರಣಿ, ತೊಗರಿಕಟ್ಟಿಗೆ, ತೆಂಗಿನ ಗರಿ ಇವೆಲ್ಲ ಹೆಚ್ಚು ಹೊಗೆ ಬಿಡುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಳೆಗಾಲಕ್ಕೆ ಕುಳ್ಳು ನೆಂದರೆ ಒಲೆ ಹೊತ್ತಿಸುವುದೇ ಅರ್ಧ ಗಂಟೆಯ ಕೆಲಸ. ಊದುಕೊಳವೆ ಹಿಡಿದು ಬಗ್ಗಿ ಊದುವಾಗ ಒಂದೊಂದು ಉಸಿರಿಗೂ ಹೊಗೆಯನ್ನೇ ಮುಕ್ಕಳಿಸಬೇಕು. ಅಡುಗೆಗೆ ಗ್ಯಾಸ್ ಬಂದರೂ ಒಲೆ ಮನೆಯಿಂದ ಹೋಗಿಲ್ಲ. ಉಜ್ವಲ ಯೋಜನೆ 2016ರಲ್ಲಿ ಶುರುವಾದ ಮೇಲೆ ಸಿಲಿಂಡರು ಕೋಟ್ಯಂತರ ಮನೆ ಸೇರಿತು, ಅದರಿಂದ ಆದ ಉಪಕಾರ ದೊಡ್ಡದು. ಆದರೆ ಮಲೆನಾಡಿನ, ಕರಾವಳಿಯ ಯಾವುದೇ ಮನೆಯ ಬಚ್ಚಲಿಗೆ ಹೋಗಿ ನೋಡಿ. ಗೋಡೆಗೆ ಹುಗಿದ ತಾಮ್ರದ ಹಂಡೆ, ಅದರಡಿ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಸೋಗೆ ತುರುಕಿದ ಒಲೆ, ಕಾಡಿಗೆಯಂತೆ ಕಪ್ಪಾದ ಜಂತಿ. ಬೆಳಗಿನ ಐದಕ್ಕೆ ಅದನ್ನು ಹೊತ್ತಿಸುವುದು ಮನೆಯ ಅಮ್ಮನೋ ಅಜ್ಜಿಯೋ. "ನಮ್ಮನೇಲಿ ಗ್ಯಾಸಿದೆ" ಎಂದು ವೈದ್ಯರಿಗೆ ಹೇಳುವಾಗ ಈ ಒಲೆ ನೆನಪಿಗೇ ಬರುವುದಿಲ್ಲ. ವೈದ್ಯರು ಕೇಳಲಿ ಬಿಡಲಿ, ಹೇಳಿಬಿಡಿ.

ಬೀಡಿಯ ಬಗ್ಗೆ ಒಂದು ಮಾತು. ಸಿಗರೇಟಿಗಿಂತ ಚಿಕ್ಕದು, ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಕಡಿಮೆ ಕೆಟ್ಟದ್ದು ಎಂಬ ನಂಬಿಕೆ ತಪ್ಪು. ತೂಬರೆ ಎಲೆ ಬೇಗ ಆರುತ್ತದೆ. ಆರದಿರಲೆಂದು ಸೇದುವವರು ಮೇಲಿಂದ ಮೇಲೆ, ಆಳವಾಗಿ ಎಳೆಯುತ್ತಾರೆ. ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಸಿಗರೇಟಿಗಿಂತ ಹೆಚ್ಚೇ ಒಳಸೇರುತ್ತವೆ. ಇದರ ಮೇಲೆ ಕೆಲಸದ ಧೂಳೂ ಉಂಟು: ಕ್ರಷರಿನ ಕಲ್ಲುಪುಡಿ, ಹತ್ತಿ ಜಿನ್ನಿನ ಎಳೆ, ಅಕ್ಕಿಗಿರಣಿಯ ತೌಡು, ಮಂಡಕ್ಕಿ ಭಟ್ಟಿಯ ಹೊಗೆ. ದೇಶದಲ್ಲಿ ಸಿ.ಒ.ಪಿ.ಡಿ., ಅಂದರೆ ಉಸಿರಿನ ದಾರಿ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇದ್ದವರು 1990ರಲ್ಲಿ 2.81 ಕೋಟಿಯಷ್ಟಿದ್ದು 2016ಕ್ಕೆ 5.53 ಕೋಟಿಯಾದರು ಎಂಬುದು ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜು. ಭಾರತದಲ್ಲಿ ಆ ರೋಗದಿಂದಾಗುವ ಹಾನಿಯಲ್ಲಿ 53.7 ಶೇಕಡಾ ಪಾಲನ್ನು ಅದೇ ಅಧ್ಯಯನ ಮನೆಯೊಳಗಿನ ಮತ್ತು ಹೊರಗಿನ ಕೆಟ್ಟ ಗಾಳಿಯ ಲೆಕ್ಕಕ್ಕೆ ಹಾಕಿತು, 25.4 ಶೇಕಡಾವನ್ನು ತಂಬಾಕಿನ ಲೆಕ್ಕಕ್ಕೆ. ನಮ್ಮ ನೆಲದಲ್ಲಿ ಗಾಳಿಯದ್ದೇ ದೊಡ್ಡ ಪಾಲು.

ಸಿ.ಒ.ಪಿ.ಡಿ. ಮತ್ತು ದೀರ್ಘಕಾಲದ ಬ್ರಾಂಕೈಟಿಸ್ ಒಂದೇ ಏನು? ಪೂರ್ತಿ ಒಂದೇ ಅಲ್ಲ. ಬ್ರಾಂಕೈಟಿಸ್ ಅನ್ನು ಕಫದಿಂದ ಗುರುತಿಸುತ್ತಾರೆ, ಸಿ.ಒ.ಪಿ.ಡಿ.ಯನ್ನು ನಳಿಕೆ ಕಿರಿದಾಗಿ ಗಾಳಿ ಹೊರಬರಲು ಆಗುವ ಅಡ್ಡಿಯಿಂದ. ಕಫ ಇದ್ದವರಿಗೆಲ್ಲ ಅಡ್ಡಿ ಬರುವುದಿಲ್ಲ. ಕಫವೇ ಇಲ್ಲದೆ ಗಾಳಿಗೂಡಿನ ಗೋಡೆಗಳು ನಶಿಸಿ, ಎಂಫಿಸೀಮಾ ಆಗಿ, ಸಿ.ಒ.ಪಿ.ಡಿ. ಬರುವವರೂ ಇದ್ದಾರೆ. ತಂಬಾಕಿನವರಲ್ಲಿ ಎಂಫಿಸೀಮಾ ಹೆಚ್ಚು, ಒಲೆಹೊಗೆಯವರಲ್ಲಿ ನಳಿಕೆಯ ಗೋಡೆ ದಪ್ಪಗಾಗುವ ಬಗೆಯೇ ಹೆಚ್ಚು. ಬಹಳ ಮಂದಿಯಲ್ಲಿ ಎರಡೂ ಬೆರೆತಿರುತ್ತವೆ.

ಅಡ್ಡಿ ಶುರುವಾಗುವುದು ದೊಡ್ಡ ನಳಿಕೆಗಳಲ್ಲಿ ಅಲ್ಲ, ಎರಡು ಮಿಲಿಮೀಟರಿಗಿಂತ ಸಣ್ಣವುಗಳಲ್ಲಿ. ಆರೋಗ್ಯವಂತರ ಈ ಸಣ್ಣ ನಳಿಕೆಗಳಲ್ಲಿ ಗಾಬ್ಲೆಟ್ ಕೋಶಗಳು ಇಲ್ಲವೆನ್ನುವಷ್ಟು ವಿರಳ. ಹೊಗೆ ಕುಡಿದವರಲ್ಲಿ ಅಲ್ಲೂ ಹುಟ್ಟಿಕೊಂಡು ಲೋಳೆ ತುಂಬುತ್ತವೆ. ಉರಿಯೂತದಿಂದ ಗೋಡೆ ದಪ್ಪಗಾಗುತ್ತದೆ, ಸುತ್ತ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ನಳಿಕೆಯ ತ್ರಿಜ್ಯ ಅರ್ಧಕ್ಕಿಳಿದರೆ ಅದರಲ್ಲಿ ಗಾಳಿ ಹರಿಯಲು ಎದುರಾಗುವ ತಡೆ ಹದಿನಾರು ಪಟ್ಟಾಗುತ್ತದೆ. ಗಣಿತ ಇಷ್ಟು ನಿರ್ದಯವಾಗಿದ್ದರೂ ರೋಗಿಗೆ ಏನೂ ಅನಿಸುವುದಿಲ್ಲ. ಕಾರಣ ಸಣ್ಣ ನಳಿಕೆಗಳು ಲಕ್ಷಗಟ್ಟಲೆ ಇವೆ. ಎಲ್ಲ ಸೇರಿ ಅವುಗಳ ಪಾಲಿನ ತಡೆ ಶ್ವಾಸಕೋಶದ ಒಟ್ಟು ತಡೆಯಲ್ಲಿ ಹತ್ತಿಪ್ಪತ್ತು ಶೇಕಡಾ ಮಾತ್ರ. ಸಾವಿರಾರು ಮುಚ್ಚಿಹೋದರೂ ಉಳಿದವು ಕೆಲಸ ನಡೆಸಿಕೊಂಡು ಹೋಗುತ್ತವೆ. 1968ರಲ್ಲಿ ಜೇಮ್ಸ್ ಹಾಗ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದ ಮೇಲೆ ಈ ಭಾಗಕ್ಕೆ ಶ್ವಾಸಕೋಶದ ಮೌನವಲಯ ಎಂಬ ಹೆಸರು ಬಂತು. ಕಫ ಮಾತ್ರ ಇದ್ದು ದಮ್ಮು ಇಲ್ಲದ ವರ್ಷಗಳಲ್ಲಿ ಹಾನಿ ನಡೆಯುತ್ತಿರುವುದು ಇಲ್ಲಿ.

ಈ ಹಾನಿ ಎಷ್ಟು ವೇಗವಾಗಿ ಆಗುತ್ತದೆ? ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಲಂಡನ್ನಿನಲ್ಲಿ ದುಡಿಯುವ ಸುಮಾರು ಎಂಟುನೂರು ಗಂಡಸರನ್ನು ಎಂಟು ವರ್ಷ ಹಿಂಬಾಲಿಸಿ 1970ರ ದಶಕದಲ್ಲಿ ಕೊಟ್ಟ ಉತ್ತರ ಇವತ್ತಿಗೂ ಆಧಾರ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ ಮೂವತ್ತರ ನಂತರ ಎಲ್ಲರಲ್ಲೂ ಇಳಿಯುತ್ತದೆ, ವರ್ಷಕ್ಕೆ ಮೂವತ್ತು ಮಿಲಿಲೀಟರಿನ ಆಸುಪಾಸು. ಹೊಗೆಯ ಪೆಟ್ಟು ತಾಳದವರಲ್ಲಿ ಅದರ ಎರಡು ಪಟ್ಟು, ಇನ್ನೂ ಹೆಚ್ಚು. ಹಾಗೆ ಇಪ್ಪತ್ತು ಇಪ್ಪತ್ತೈದು ವರ್ಷ ಹೋದರೆ ಐವತ್ತೈದಕ್ಕೆ ಎಪ್ಪತ್ತೈದರವರ ಉಸಿರು. ಸೇದುವುದನ್ನು ಬಿಟ್ಟವರಲ್ಲಿ ಹೋದ ಶಕ್ತಿ ಹೆಚ್ಚೇನೂ ಮರಳಲಿಲ್ಲ, ಆದರೆ ಮುಂದಿನ ಇಳಿತ ಸೇದದವರ ವೇಗಕ್ಕೇ ಬಂದು ನಿಂತಿತು. ನಲವತ್ತಕ್ಕೆ ಬಿಟ್ಟವನಿಗೂ ಅರವತ್ತಕ್ಕೆ ಬಿಟ್ಟವನಿಗೂ ಉಳಿಯುವ ಉಸಿರಿನಲ್ಲಿ ಎಷ್ಟು ಅಂತರ ಎಂಬುದನ್ನು ಇದರಿಂದಲೇ ಲೆಕ್ಕ ಹಾಕಬಹುದು. ಇದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಕಫ ಹೆಚ್ಚಿದ ಮಾತ್ರಕ್ಕೆ ಶ್ವಾಸಕೋಶ ಬೇಗ ಕ್ಷೀಣಿಸುವುದಿಲ್ಲ, ಎರಡೂ ಹೊಗೆಯ ಬೇರೆ ಬೇರೆ ಫಲಗಳು. ಮುಂದೆ ಕೋಪನ್‌ಹೇಗನ್ನಿನಲ್ಲಿ ಸಾವಿರಾರು ಜನರನ್ನು ಗಮನಿಸಿದಾಗ, ಕಫ ಬಿಡದೆ ಇರುವವರಲ್ಲಿ ಉಸಿರಿನ ಇಳಿತವೂ ಆಸ್ಪತ್ರೆ ಸೇರುವುದೂ ಹೆಚ್ಚೆಂದು ಕಂಡುಬಂತು. ನನಗೆ ತೋರುವುದು ಇಷ್ಟು: ಕಫ ಬಂದವರೆಲ್ಲ ಮುಂದೆ ದಮ್ಮಿನ ರೋಗಿಗಳಾಗುತ್ತಾರೆಂದು ಹೆದರಿಸುವುದು ಸರಿಯಲ್ಲ, ಯಾರು ಆಗುತ್ತಾರೆ ಎಂದು ಮುಂಚೆಯೇ ತಿಳಿಯದಿರುವಾಗ ಅದನ್ನು ಬಿಟ್ಟು ಕೂರುವುದು ಇನ್ನೂ ತಪ್ಪು.

ಅಡ್ಡಿ ಬಲಿತ ಮೇಲೆ ಎದೆಯೊಳಗೆ ಆಗುವುದನ್ನು ರೋಗಿಗಳು ಸರಿಯಾಗಿಯೇ ಹೇಳುತ್ತಾರೆ: "ಉಸಿರು ಒಳಗೆ ಹೋಗುತ್ತೆ, ಹೊರಗೆ ಬರಲ್ಲ." ಉಸಿರು ಬಿಡುವಾಗ ನಳಿಕೆಗಳು ಇನ್ನಷ್ಟು ಕುಗ್ಗಿ, ಹಳೆಯ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಮುಂದಿನ ಉಸಿರಿಗೆ ಜಾಗ ಸಾಲದು. ನಡೆದಾಗ ಉಸಿರಾಟದ ವೇಗ ಹೆಚ್ಚಿ ಗಾಳಿ ಇನ್ನೂ ತುಂಬಿಕೊಳ್ಳುತ್ತದೆ, ನಿಂತು ಸುಧಾರಿಸಿಕೊಳ್ಳಲೇಬೇಕಾಗುತ್ತದೆ. ಕಫ ಕಟ್ಟಿದ ಭಾಗಗಳಿಗೆ ಹೊಸ ಗಾಳಿ ತಲುಪದಿದ್ದರೂ ರಕ್ತ ಅಲ್ಲಿ ಸುತ್ತಿಯೇ ಬರುತ್ತದೆ, ಆಮ್ಲಜನಕ ಸಿಗದೆ ಮರಳುತ್ತದೆ. ಆಮ್ಲಜನಕ ಕಡಿಮೆಯಾದ ಜಾಗದ ರಕ್ತನಾಳಗಳು ಬಿಗಿದುಕೊಳ್ಳುವುದು ಶ್ವಾಸಕೋಶದ ಸ್ವಭಾವ. ಎಲ್ಲೆಡೆ ಹೀಗೆ ಬಿಗಿದರೆ ರಕ್ತ ತಳ್ಳುವ ಹೃದಯದ ಬಲಭಾಗಕ್ಕೆ ಹೊರೆ ಏರುತ್ತದೆ. ವರ್ಷಗಳ ಮೇಲೆ ಅದು ಸೋತಾಗ ಕಾಲು ಬಾತುಕೊಳ್ಳುತ್ತದೆ, ಕತ್ತಿನ ನರ ಎದ್ದು ಕಾಣುತ್ತದೆ. ಉಗುರು, ತುಟಿ ನೀಲಿಗಟ್ಟುತ್ತವೆ. ಕಾಲಿನ ಬಾವು ನೋಡಿ ಕಿಡ್ನಿಗೇನೋ ಆಗಿದೆ ಎಂದು ಮನೆಯವರು ಅಲೆಯುವುದುಂಟು. ಮೂಲ ಇರುವುದು ಎದೆಯಲ್ಲಿ.

ಇದರ ನಡುವೆ ವರ್ಷಕ್ಕೊಂದೆರಡು ಸಲ ರೋಗ ಏಕಾಏಕಿ ಉಲ್ಬಣಿಸುತ್ತದೆ, ಹೆಚ್ಚಾಗಿ ಮಳೆ ಹಿಡಿದಾಗ, ಧನುರ್ಮಾಸದ ಚಳಿಯಲ್ಲಿ. ನೆಗಡಿಯ ವೈರಸ್ ಸಾಕು, ಅಥವಾ ನಿಂತ ಕಫದಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾ ಸಾಕು. ಗಮನಿಸಬೇಕಾದದ್ದು ಮೂರು: ದಮ್ಮು ಹೆಚ್ಚಾಯಿತೇ, ಕಫದ ಪ್ರಮಾಣ ಹೆಚ್ಚಾಯಿತೇ, ಬಣ್ಣ ಬದಲಾಯಿತೇ. ಬಿಳಿ ಕಫ ಹಸಿರು ಹಳದಿಗೆ ತಿರುಗುವುದು ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳ ಕಿಣ್ವದಿಂದ. ಬಣ್ಣ ಬದಲಾಗಿ ಜೊತೆಗೆ ಉಳಿದೆರಡರಲ್ಲಿ ಒಂದಾದರೂ ಇದ್ದರೆ ಆಂಟಿಬಯೋಟಿಕ್‌ನಿಂದ ಉಪಯೋಗವಾಗುವ ಸಂಭವ ಹೆಚ್ಚು. ಬಣ್ಣ ಹಾಗೇ ಇದ್ದರೆ ಅದರ ಅಗತ್ಯ ಬಹುತೇಕ ಇರುವುದಿಲ್ಲ. ಒಂದೊಂದು ಉಲ್ಬಣವೂ ಶ್ವಾಸಕೋಶದಿಂದ ಒಂದಿಷ್ಟನ್ನು ಕಸಿದುಕೊಂಡೇ ಹೋಗುತ್ತದೆ, ಆದ್ದರಿಂದ ಎರಡನೇ ದಿನಕ್ಕೇ ವೈದ್ಯರನ್ನು ಕಾಣುವುದು ಲೇಸು.

ಅಡ್ಡಿ ಇದೆಯೇ ಎಂದು ತಿಳಿಸುವ ಪರೀಕ್ಷೆ ಸ್ಪೈರೊಮೆಟ್ರಿ. ಜನರ ಬಾಯಲ್ಲಿ ಪಿ.ಎಫ್.ಟಿ., ಇಲ್ಲವೇ "ಊದಿಸಿ ನೋಡೋದು". ಎಕ್ಸ್-ರೇ ಎಷ್ಟೋ ಸಲ ಏನೂ ಇಲ್ಲವೆನ್ನುತ್ತದೆ, ಅದನ್ನೇ ನಂಬಿ ಕೂರಬಾರದು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಹೊಟ್ಟೆತುಂಬ ಉಸಿರೆಳೆಸಿ "ಊದಿ, ಊದಿ, ಊದಿ, ಬಿಡಬೇಡಿ, ಇನ್ನೂ ಇನ್ನೂ" ಎಂದು ಪಕ್ಕದಲ್ಲಿ ನಿಂತ ತಂತ್ರಜ್ಞರು ಹುರಿದುಂಬಿಸುತ್ತಾರೆ. ಆರು ಸೆಕೆಂಡಾದರೂ ಊದಬೇಕು, ಮೂರು ಸಲವಾದರೂ. ನಂತರ ನಳಿಕೆ ಹಿಗ್ಗಿಸುವ ಔಷಧ ಎಳೆಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಆಗಲೂ 0.7ಕ್ಕಿಂತ ಕಡಿಮೆ ಇದ್ದರೆ ಅಡ್ಡಿ ಇದೆ. ಔಷಧದಿಂದ ಅಂಕಿ ಬಹಳ ಸುಧಾರಿಸಿದರೆ ಅಸ್ತಮಾ ಇರಬಹುದೇ ಎಂದೂ ನೋಡುತ್ತಾರೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಕಡೆ ಈ ಸೌಲಭ್ಯವಿದೆ. ನಲವತ್ತು ದಾಟಿ ಕಫ ಬಿಡದವರು ದಮ್ಮು ಬರುವ ತನಕ ಕಾಯದೆ ಒಮ್ಮೆ ಊದಿಬರಬೇಕು.

ಚಿಕಿತ್ಸೆಯ ಮಾತು ಬಂದಾಗ ಮೊದಲನೆಯದು ಹೊಗೆ ನಿಲ್ಲಿಸುವುದು, ಎರಡನೆಯದಕ್ಕೂ ಅದಕ್ಕೂ ಬಹಳ ದೂರ. ಬೀಡಿ, ಸಿಗರೇಟು ಪೂರ್ತಿ ಬಿಟ್ಟವರಲ್ಲಿ ಬಹುಪಾಲು ಜನರ ಕಫದ ಕೆಮ್ಮು ಒಂದು ವರ್ಷದೊಳಗೆ ಇಳಿಯುತ್ತದೆ. ಬಿಟ್ಟ ಹೊಸದರಲ್ಲಿ ಕೆಲವರಿಗೆ ಕಫ ಹೆಚ್ಚಾದಂತೆ ಕಾಣಬಹುದು, ಸಿಲಿಯಾ ಮತ್ತೆ ಕೆಲಸಕ್ಕಿಳಿಯುವ ಹೊತ್ತದು. "ಸೇದಿದರೇ ಕಫ ಸಡಿಲವಾಗೋದು" ಎಂದು ಅಷ್ಟಕ್ಕೇ ಮರಳಿ ಹಚ್ಚಿದರೆ ಪಟ್ಟ ಕಷ್ಟವೆಲ್ಲ ವ್ಯರ್ಥ. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು; ಈ ಸೇವೆ ನಡೆಸುವ ಕೇಂದ್ರಗಳಲ್ಲಿ ನಿಮ್ಹಾನ್ಸ್ ಕೂಡ ಒಂದು.

ಒಲೆಯ ಹೊಗೆಗೆ ಉತ್ತರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಬಹಳ ಹಿಂದೆಯೇ ಹುಡುಕಿತ್ತು. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಅಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಒಲೆ ರಾಜ್ಯದ ಎಷ್ಟೋ ಹಳ್ಳಿಮನೆಗಳಲ್ಲಿ ಅಸ್ತ್ರ ಒಲೆ ಎಂದೇ ಹೆಸರಾಯಿತು. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಚಾವಣಿಯಾಚೆ ಹೋಗುತ್ತದೆ. ಕೊಳವೆಯಲ್ಲಿ ಕಟ್ಟುವ ಮಸಿಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಹೊಗೆ ಮತ್ತೆ ಒಳಗೇ ತಿರುಗುತ್ತದೆ. ಹಂಡೆ ಒಲೆಗೂ ಇಂಥದೇ ಹೊಗೆಕೊಳವೆ ಕೂರಿಸಬಹುದು, ಅದರ ಬಾಯನ್ನು ಗೋಡೆಯ ಹೊರಬದಿಗೆ ತಿರುಗಿಸಬಹುದು. ಬಿಸಿಲು ಸಿಗುವ ಊರಿನಲ್ಲಿ ಸೋಲಾರ್ ಇದ್ದೇ ಇದೆ. ಯಾವುದೂ ಆಗದಿದ್ದರೆ, ಈಗಾಗಲೇ ಕೆಮ್ಮುತ್ತಿರುವ ಅಜ್ಜಿಯ ಕೈಯಿಂದ ಆ ಕೆಲಸವನ್ನಾದರೂ ಬಿಡಿಸಬೇಕು.

ಔಷಧದಲ್ಲಿ ಮುಖ್ಯವಾದದ್ದು ನಳಿಕೆ ಹಿಗ್ಗಿಸುವ ಇನ್‌ಹೇಲರ್. ಅದು ಚಟವಾಗುತ್ತದೆ, ಕೊನೆಗಾಲಕ್ಕೆ ಕೊಡುವಂಥದ್ದು ಎಂಬ ಭಯ ಊರೂರಲ್ಲಿದೆ. ವಾಸ್ತವ ಬೇರೆ: ಮಾತ್ರೆಯಲ್ಲಾದರೆ ಮೈಯೆಲ್ಲ ಸುತ್ತಿ ಬರಬೇಕಾದ ಔಷಧ ಇಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ನಳಿಕೆಗೆ ಹೋಗುತ್ತದೆ. ತೊಂದರೆ ಆಗುವುದು ಬಳಸುವ ಕ್ರಮದಲ್ಲಿ. ಪುಡಿ ಎಳೆಯಲು ಕೊಟ್ಟ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಿದವರಿದ್ದಾರೆ. ಪಂಪನ್ನು ಒತ್ತಿ ಆಮೇಲೆ ಉಸಿರೆಳೆಯುವವರು ಇನ್ನೂ ಹೆಚ್ಚು. ಔಷಧವೆಲ್ಲ ನಾಲಿಗೆ ಮೇಲೇ ಉಳಿಯುತ್ತದೆ. ಮೊದಲು ಉಸಿರು ಪೂರ್ತಿ ಬಿಡಬೇಕು, ಎಳೆಯಲು ಶುರುಮಾಡುವಾಗಲೇ ಪಂಪು ಒತ್ತಿ ನಿಧಾನ ಎಳೆಯಬೇಕು, ಹತ್ತು ಎಣಿಸುವ ತನಕ ತಡೆಹಿಡಿಯಬೇಕು. ಕೈ ಬಾಯಿ ಹೊಂದಿಸಲಾಗದ ವಯಸ್ಸಾದವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಸಿಗುತ್ತದೆ, ದೊಡ್ಡ ಬೆಲೆಯದಲ್ಲ. ಪುಡಿಯ ಸಾಧನದಲ್ಲಿ ಎಳೆತ ರಭಸವಾಗಿರಬೇಕು. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಆದರೆ ನಂತರ ಬಾಯಿ ಮುಕ್ಕಳಿಸಿ ಉಗಿಯಬೇಕು. ವೈದ್ಯರ ಮುಂದೆ ಒಮ್ಮೆ ಬಳಸಿ ತೋರಿಸಿ, ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಅಂಗಡಿಯಿಂದ ತಾವೇ ತಂದು ನುಂಗುವ ಸಣ್ಣ ಮಾತ್ರೆಗಳ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ. ದಮ್ಮು ಕೂಡಲೇ ಇಳಿಯುತ್ತದೆ, ಹಸಿವೂ ಆಗುತ್ತದೆ, ಆದ್ದರಿಂದ ಅವುಗಳ ಮೇಲೆ ಜನರಿಗೆ ನಂಬಿಕೆ. ಆದರೆ ಹಲವು ಸಲ ಅವು ಸ್ಟಿರಾಯ್ಡ್. ಉಲ್ಬಣವಾದಾಗ ವೈದ್ಯರು ಅದನ್ನು ಐದು ದಿನದ ಮಟ್ಟಿಗೆ ಕೊಡುವುದು ಸರಿಯಾದ ಕ್ರಮ. ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಸುಲಭಕ್ಕೆ ಹಿಡಿಯುತ್ತದೆ. ಕೆಮ್ಮು ಅದುಮುವ ಸಿರಪ್ಪೂ ಇಲ್ಲಿ ಹಿತವಲ್ಲ, ಹೊರಬರಬೇಕಾದ ಕಫ ಒಳಗೇ ಕೂರುತ್ತದೆ.

ಕಫ ತೆಗೆಯುವ ಒಂದು ಸರಳ ವಿಧಾನವನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಕುರ್ಚಿಯಲ್ಲಿ ತುಸು ಮುಂದೆ ಬಾಗಿ ಕೂತು, ನಾಲ್ಕೈದು ಸಲ ನಿಧಾನವಾಗಿ ಆಳದ ಉಸಿರೆಳೆದು, ಆಮೇಲೆ ಬಾಯಿ ತೆರೆದು ಕನ್ನಡಿಯ ಮೇಲೆ ಆವಿ ಬಿಡುವಂತೆ "ಹಾ" ಎಂದು ಉಸಿರನ್ನು ಜೋರಾಗಿ ದಬ್ಬಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಕಫ ಗಂಟಲಿಗೆ ಬರುತ್ತದೆ, ಒಂದು ಕೆಮ್ಮಿಗೆ ಹೊರಬೀಳುತ್ತದೆ. ಎದೆಗೂಡು ನೋಯುವಷ್ಟು ಕೆಮ್ಮುವುದು ತಪ್ಪುತ್ತದೆ. ನಡೆಯುವಾಗ ದಮ್ಮು ಬಂದರೆ ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡಬೇಕು, ಆಗ ನಳಿಕೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ದಮ್ಮಿಗೆ ಹೆದರಿ ಹಾಸಿಗೆ ಹಿಡಿದರೆ ಕಾಲಿನ ಶಕ್ತಿಯೂ ಹೋಗಿ ದಮ್ಮು ಮತ್ತೂ ಹೆಚ್ಚುತ್ತದೆ. ದಿನವೂ ಆದಷ್ಟು ನಡೆಯುವುದು ಇಲ್ಲಿ ಔಷಧಕ್ಕೆ ಸಮ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡರೆ ಉಲ್ಬಣಗಳು ಕಡಿಮೆಯಾಗುತ್ತವೆ.

ಕೋವಿಡ್ ನಂತರ ಎಷ್ಟೋ ಮನೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಉಳಿದಿದೆ. ಸುಮ್ಮನೆ ಕೂತಾಗಲೂ ಅದರ ಅಂಕಿ 88 ಅಥವಾ ಅದಕ್ಕಿಂತ ಕೆಳಗೇ ಇದ್ದರೆ ಮನೆಯಲ್ಲಿ ಆಮ್ಲಜನಕ ಬೇಕೇ ಎಂದು ವೈದ್ಯರು ನೋಡಬೇಕಾಗುತ್ತದೆ. ಅಂಥವರು ದಿನಕ್ಕೆ ಹದಿನೈದು ಗಂಟೆಯಾದರೂ ಆಮ್ಲಜನಕ ತೆಗೆದುಕೊಂಡರೆ ಆಯಸ್ಸು ಹೆಚ್ಚುತ್ತದೆಂದು 1980–81ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಅಧ್ಯಯನಗಳು ತೋರಿಸಿದವು. ಆಮ್ಲಜನಕ ಕೊಡುವ ಕೋಣೆಯಲ್ಲಿ ಬೀಡಿ, ದೀಪ, ಊದುಬತ್ತಿ ಯಾವುದೂ ಹೊತ್ತಬಾರದು. ಅಂಕಿ 98 ಆಗಲಿ ಎಂದು ಮನೆಯವರು ನಾಬ್ ತಿರುಗಿಸಲೂಬಾರದು. ಇಂಗಾಲದ ಡೈಆಕ್ಸೈಡ್ ಹೊರಹಾಕಲಾಗದ ಈ ಶ್ವಾಸಕೋಶಗಳಿಗೆ ಆಮ್ಲಜನಕ ಅತಿಯಾದರೆ ಆ ಅನಿಲ ರಕ್ತದಲ್ಲಿ ಏರಿ ರೋಗಿ ಮಂಪರಿಗೆ ಜಾರುತ್ತಾರೆ. 88ರಿಂದ 92ರ ನಡುವೆ ಇದ್ದರೆ ಸಾಕು. ಮಾತನ್ನು ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ, ತುಟಿ ನೀಲಿಯಾದರೆ, ಕರೆದರೆ ಓಗೊಡದಷ್ಟು ತೂಕಡಿಕೆ ಬಂದರೆ, ಏನೇನೋ ಬಡಬಡಿಸಿದರೆ 108ಕ್ಕೆ ಕರೆ ಮಾಡಿ. ಹೋಗುವಾಗ ಹಳೆಯ ಪಿ.ಎಫ್.ಟಿ. ರಿಪೋರ್ಟು, ಬಳಸುವ ಇನ್‌ಹೇಲರ್ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಆಂಬುಲೆನ್ಸಿನವರಿಗೂ ತುರ್ತು ವಿಭಾಗದವರಿಗೂ "ಇವರಿಗೆ ಹಳೆಯ ಸಿ.ಒ.ಪಿ.ಡಿ. ಇದೆ, ಆಕ್ಸಿಜನ್ ಅಳತೆಯಲ್ಲಿ ಕೊಡಿ" ಎಂದು ಮೊದಲೇ ಹೇಳಿ.